ಕೊನೆಯ ಕಾಲು ಭಾಗ

ಕಮಲಮ್ಮ ಟೀಚರ್ ಹೊತ್ತಿನ ವಿಷಯ ಬಂದಾಗಲೆಲ್ಲ "ಸರಿಯಾಗಿ ಹೇಳ್ಬೇಕಂದ್ರೆ" ಎಂದು ಶುರು ಮಾಡುತ್ತಿದ್ದರು. ಆಮೇಲೆ ಅವರು ಹೇಳುತ್ತಿದ್ದ ಹೊತ್ತು ಹೆಚ್ಚಾಗಿ ಸರಿಯಾಗಿರುತ್ತಿರಲಿಲ್ಲ. ಹಾಲಿನವನು ಯಾವಾಗ ಬರುತ್ತಾನೆ, ಸಂಪಿನ ನೀರು ಮೇಲಿನ ಟ್ಯಾಂಕಿಗೆ ಏರಲು ಎಷ್ಟು ಹೊತ್ತು ಬೇಕು, ಹಪ್ಪಳ ಯಾವಾಗ ಒಣಗುತ್ತದೆ, ಏನು ಕೇಳಿದರೂ ಕಣ್ಣು ಅರ್ಧ ಮುಚ್ಚಿ, ಬಲಗೈಯ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಿಸಿ ಉತ್ತರ ಹೇಳುತ್ತಿದ್ದರು. ತಪ್ಪಾದರೆ ಅವರಿಗೆ ಬೇಸರವಿರಲಿಲ್ಲ. "ಲೆಕ್ಕ ಸರಿಯಾಗೇ ಇದೆ. ಹಾಲಿನೋನು ಲೆಕ್ಕದ ಪ್ರಕಾರ ಬರ್ಲಿಲ್ಲ, ಅಷ್ಟೆ."

ಎನ್.ಆರ್. ಕಾಲೋನಿಯಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಮತ್ತು ಅಮ್ಮ ಬಾಡಿಗೆಗಿದ್ದೆವು. ಕೆಳಗೆ ಟೀಚರ್ ಮತ್ತು ಅವರ ನಾದಿನಿ ಪದ್ಮ. ಟೀಚರ್ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನನಗೆ ಕಲಿಸದಿದ್ದರೂ ಬೀದಿಯವರೆಲ್ಲ ಕರೆಯುವಂತೆ ನಾನೂ ಟೀಚರ್ ಎಂದೇ ಕರೆಯುತ್ತಿದ್ದೆ. ಅವರ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗಂಡನ ತಂಗಿಯಾದ ಪದ್ಮ ಮದುವೆಯಾಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದವರು. ಆ ಕಾಲದಲ್ಲಿ ಬೇರೆ ಊರಿಗೆ ಮಾತಾಡುವಾಗ ಪ್ರತಿ ಮೂರು ನಿಮಿಷಕ್ಕೊಮ್ಮೆ ಆಪರೇಟರ್ ನಡುವೆ ಬಂದು, ಸಮಯ ಮುಗಿಯಿತು, ಮುಂದುವರಿಸಬೇಕೇ ಎಂದು ಕೇಳುತ್ತಿದ್ದರಂತೆ. ಕೆಲಸ ಬಿಟ್ಟರೂ ಆ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಟೀಚರ್ ಯಾವುದಾದರೂ ವಿವರಣೆಗೆ ಇಳಿದರೆ ಒಳಕೋಣೆಯಿಂದ ದನಿ ಬರುತ್ತಿತ್ತು.

"ತ್ರೀ ಮಿನಿಟ್ಸ್ ಓವರ್. ಎಕ್ಸ್‌ಟೆಂಡ್ ಮಾಡ್ಲಾ ಅತ್ತಿಗೆ?"

"ಲೈನಲ್ಲೇ ಇರು ಪದ್ದು, ಇನ್ನೂ ಮುಗಿದಿಲ್ಲ."

ಪದ್ಮ ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ದಿನ ಬಿಟ್ಟು ದಿನ ಮೈಸೂರು ರಸ್ತೆ ಕಡೆಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಬೇಕಿತ್ತು. ಹೋಗುವಾಗ ಹೇಗೋ ಹೋಗುತ್ತಿದ್ದರು. ಬರುವಾಗ ಆಟೊದವರು ಆ ಮುಖ ನೋಡಿಯೇ ಗಾಡಿ ಮುಂದೆ ಬಿಡುತ್ತಿದ್ದರು, ಹತ್ತಿಸಿಕೊಂಡರೆ ಕುಲುಕಾಟಕ್ಕೆ, ಹೊಗೆಗೆ ಅವರಿಗೆ ವಾಂತಿಯಾಗುತ್ತಿತ್ತು. ಕೆಲವು ತಿಂಗಳು ಇದನ್ನು ನೋಡಿದ ಟೀಚರ್, ಒಂದು ದಿನ ಯಾರಿಗೂ ಹೇಳದೆ ಹೋಗಿ ಒಂದು ಪುಟ್ಟ ಕರೆಂಟ್ ಕಾರಿಗೆ ಮುಂಗಡ ಕೊಟ್ಟು ಬಂದರು. ಆಗ ಬೆಂಗಳೂರಿನಲ್ಲಿ ಅಂಥ ಕಾರುಗಳು ಅಲ್ಲೊಂದು ಇಲ್ಲೊಂದು ಓಡಾಡುತ್ತಿದ್ದವು. ಟೀಚರ್ ಅದುವರೆಗೆ ಸೈಕಲ್ ಕೂಡ ತುಳಿದವರಲ್ಲ.

"ಗೇರಿಲ್ಲ, ಕ್ಲಚ್ಚಿಲ್ಲ. ಒತ್ತಿದ್ರೆ ಹೋಗುತ್ತೆ, ಬಿಟ್ರೆ ನಿಲ್ಲುತ್ತೆ. ಮಿಕ್ಸಿ ಇದ್ದಂಗೆ ಕಣೇ," ಎಂದು ಅವರು ಧೈರ್ಯ ಹೇಳಿದರು.

"ಸರಿ. ರುಬ್ಬಿಸ್ಕೊಂಡೇ ಆಸ್ಪತ್ರೆಗೆ ಹೋಗೋಣ," ಎಂದರು ಪದ್ಮ.

ಅರವತ್ತು ದಾಟಿದ ಟೀಚರ್ ಲೈಸೆನ್ಸ್ ತೆಗೆದುಕೊಂಡರು. ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೀರಿಂಗನ್ನು ಎರಡು ಕೈಯಲ್ಲೂ ಮೊರ ಹಿಡಿದಂತೆ ಹಿಡಿದು, ಗಾಂಧಿಬಜಾರಿನ ಸಂದಣಿಯಲ್ಲಿ ಅವರು ಹೋಗುತ್ತಿದ್ದರೆ ಹೂವಿನವರು ಬುಟ್ಟಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಆ ಕಾರಿಗೆ ಸದ್ದೇ ಇರಲಿಲ್ಲ. ಹತ್ತಿರ ಬಂದದ್ದು ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಟೀಚರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ತರಗತಿಯಲ್ಲಿ ಹೇಳುವಂತೆ, "ಸ್ವಲ್ಪ ಪಕ್ಕಕ್ಕೆ ಬನ್ನಿ" ಎನ್ನುತ್ತಿದ್ದರು. ಜನ ಬರುತ್ತಿದ್ದರು.

ತೊಂದರೆ ಇದ್ದದ್ದು ಕಾರಿಗೆ ಕರೆಂಟ್ ತುಂಬುವುದರಲ್ಲಿ. ಅಡುಗೆಮನೆಯ ದೊಡ್ಡ ಪ್ಲಗ್ಗಿನಿಂದ ಹೊರಟ ಕಪ್ಪು ಕೇಬಲ್ಲು ಕಿಟಕಿ ದಾಟಿ, ತುಳಸಿಕಟ್ಟೆಯನ್ನು ಬಳಸಿ, ಕಾರಿನ ಪಕ್ಕೆಗೆ ಸೇರುತ್ತಿತ್ತು. ಕಾರು ಬಂದ ಮೊದಲ ವಾರ ಟೀಚರ್ ಬೆಳಗಿನ ಕಾಫಿಯ ಹೊತ್ತಿಗೆ ಅದನ್ನು ಚುಚ್ಚಿದರು. ತಿಂಡಿ, ಸ್ನಾನ, ಪೂಜೆ ಮುಗಿಸಿ ಬಂದು ನೋಡಿದರೆ ಚಾರ್ಜ್ ತೋರಿಸುವ ಮುಳ್ಳು ಮುಕ್ಕಾಲಿಗೆ ಬಂದು ನಿಂತಿತ್ತು. ಅವರ ಮುಖ ಅರಳಿತು. ಅವರು ಜೀವನವಿಡೀ ಮಕ್ಕಳಿಗೆ ಕಲಿಸಿದ್ದು ತ್ರೈರಾಶಿ: ಇಷ್ಟಕ್ಕೆ ಇಷ್ಟಾದರೆ, ಅಷ್ಟಕ್ಕೆ ಎಷ್ಟು?

"ಮುಕ್ಕಾಲಿಗೆ ಇಷ್ಟು ಹೊತ್ತಾದ್ರೆ, ಉಳಿದ ಕಾಲಿಗೆ ಅದರಲ್ಲಿ ಮೂರನೇ ಒಂದು ಪಾಲು. ಸರಿಯಾಗಿ ಹೇಳ್ಬೇಕಂದ್ರೆ, ಅನ್ನ ಇಳಿಸೋ ಹೊತ್ತಿಗೆ ತುಂಬಿರುತ್ತೆ. ಪದ್ದು, ಸೀರೆ ಉಟ್ಕೊಂಡು ರೆಡಿಯಾಗು. ಮಲ್ಲೇಶ್ವರದವರೆಗೂ ಒಂದು ಸುತ್ತು ಹೋಗಿ ಬರೋಣ."

ಪದ್ಮ ರೇಷ್ಮೆ ಸೀರೆ ಉಟ್ಟು ಜಗಲಿಯ ಮೇಲೆ ಕುಳಿತರು. ಅನ್ನ ಇಳಿಯಿತು, ಊಟವೂ ಆಯಿತು. ಮುಳ್ಳು ಒಂದು ಕೂದಲಿನಷ್ಟು ಸರಿದಿತ್ತು. ಟೀಚರ್ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದರು. ಮತ್ತೆ ಲೆಕ್ಕ ಹಾಕಿದರು. ಮಧ್ಯಾಹ್ನ ಪದ್ಮ ಕುಳಿತಲ್ಲೇ ತೂಕಡಿಸಿದರು. ಮುಳ್ಳು ತುದಿ ಮುಟ್ಟಿ ಹಸಿರು ದೀಪ ಬಂದಾಗ ಬೀದಿ ದೀಪಗಳೂ ಹತ್ತಿದ್ದವು.

"ನಿಮ್ಮ ಲೆಕ್ಕ ಸರಿಯಾಗೇ ಇದೆ ಬಿಡಿ," ಎಂದರು ಪದ್ಮ, ಸೀರೆಯ ಪಿನ್ನು ತೆಗೆಯುತ್ತ. "ಬ್ಯಾಟರಿ ನಿಮ್ಮ ಸ್ಕೂಲಲ್ಲಿ ಓದಿಲ್ಲ, ಅಷ್ಟೆ."

ನಾನು ಎಂ.ಎಸ್ಸಿ. ಮುಗಿಸಿ ಎರಡು ಕಾಲೇಜುಗಳಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟನ್ನು ಕಡಿಮೆ ಕಡಿಮೆ ತೆಗೆದುಕೊಳ್ಳುತ್ತದೆ, ಆದ್ದರಿಂದ ಕೊನೆಯ ಭಾಗಕ್ಕೆ ಬಹಳ ಹೊತ್ತು ಬೇಕು ಎಂದು ನಾನು ಹೇಳಿದೆ. ಟೀಚರ್ ಗಮನವಿಟ್ಟು ಕೇಳಿದರು. ಅವರಿಗೆ ಅರ್ಥವಾಯಿತು. ಅಡುಗೆಮನೆಯಿಂದಲೇ ಉದಾಹರಣೆಯನ್ನೂ ಕೊಟ್ಟರು: "ಅಕ್ಕಿ ಡಬ್ಬಿ ತುಂಬಿಸ್ದಂಗೆ. ಮೊದ್ಲು ಸುರಿದ್ರೆ ಆಯ್ತು. ಕೊನೇಲಿ ತಟ್ಟಿ ತಟ್ಟಿ ಹಾಕ್ಬೇಕು." ಆದರೆ ಅರ್ಥವಾದ ಮೇಲೆ ಅವರು ತೆಗೆದುಕೊಂಡ ತೀರ್ಮಾನ ಬೇರೆಯೇ ಆಗಿತ್ತು. ಬರಿಯ ಕಾಲು ಭಾಗಕ್ಕಾಗಿ ದಿನವಿಡೀ ಕರೆಂಟ್ ಸುಡುವುದು ಯಾವ ನ್ಯಾಯ? ಆಸ್ಪತ್ರೆಗೆ ಹೋಗಿ ಬರಲು ಮುಕ್ಕಾಲು ಧಾರಾಳ. ಅಂದಿನಿಂದ ಮುಳ್ಳು ಮುಕ್ಕಾಲಿಗೆ ಬಂದ ಕೂಡಲೇ ಪ್ಲಗ್ಗು ಕಿತ್ತು, ಅದೇ ಜಾಗದಲ್ಲಿ ಬಿಸಿನೀರಿನ ಬಾಯ್ಲರ್ ಚುಚ್ಚುತ್ತಿದ್ದರು. ಸೋಪಿನ ಚೂರುಗಳನ್ನು ಅಂಟಿಸಿ ಹೊಸ ಸೋಪು ಮಾಡುತ್ತಿದ್ದ ಮನೆ ಅದು. ಅಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಟೀಚರಿಗಂತೂ ಒಂದು ಸೂತ್ರ ಕಂಡುಹಿಡಿದಷ್ಟು ಸಮಾಧಾನವಾಗಿತ್ತು.

ಹಾಗೆ ಎರಡು ವರ್ಷಗಳ ಮೇಲಾಯಿತು.

ಆ ಹೊತ್ತಿಗೆ ಪದ್ಮ ಅವರಿಗೆ ಆಸ್ಪತ್ರೆಯ ಕುರ್ಚಿ ಸಾಕಾಗಿತ್ತು. ಡಯಾಲಿಸಿಸ್ ಎಂದರೆ ಸೂಜಿ ಚುಚ್ಚಿಸಿಕೊಂಡು ಅರ್ಧ ದಿನ ಅಲ್ಲಾಡದೆ ಕೂರುವುದು. ಮೊದಲ ಭಾಗ ಹೇಗೋ ಕಳೆಯುತ್ತಿತ್ತಂತೆ. ಕೊನೆಯ ಗಂಟೆಯಲ್ಲಿ ಕಾಲು ಸೆಳೆತ, ತಲೆನೋವು, ಚಳಿ. ಅವರು ಸಿಸ್ಟರನ್ನು ಪುಸಲಾಯಿಸಿ ಬೇಗ ಬಿಡಿಸಿಕೊಂಡು ಬರಲು ಶುರು ಮಾಡಿದ್ದರು. ಟೀಚರ್ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಿದ್ದರು, ಇವತ್ತು ಇಷ್ಟೇ ಅಂತೆ ಎಂದು ಪದ್ಮ ಹೇಳಿದರೆ ನಂಬುತ್ತಿದ್ದರು, ಹಾಗಾಗಿ ಅವರಿಗೆ ಇದು ಬಹಳ ದಿನ ಗೊತ್ತಾಗಲಿಲ್ಲ. ಕಾಲು ಊದಿಕೊಂಡು, ಉಸಿರಿಗೆ ಕಷ್ಟವಾದಾಗ ಡಾಕ್ಟರು ಇಬ್ಬರನ್ನೂ ಕೂರಿಸಿ ಬೈದರು.

ಅವತ್ತು ಮಧ್ಯಾಹ್ನ ನಾನು ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಇಳಿದಿದ್ದೆ. ಒಳಗೆ ಜಗಳ ನಡೆಯುತ್ತಿತ್ತು. ವಾಪಸು ಹೋಗೋಣವೆಂದರೆ ಟೀಚರ್ ನನ್ನನ್ನು ನೋಡಿಬಿಟ್ಟರು.

"ಬಾಮ್ಮ ಸುಮಾ, ನೀನೇ ಹೇಳು ಇವಳಿಗೆ. ಡಾಕ್ಟ್ರು ನಾಲ್ಕು ಗಂಟೆ ಅಂತ ಬರೆದ್ರೆ ನಾಲ್ಕು ಗಂಟೆ. ಇವಳು ನಡುವೆ ಎದ್ದು ಬರ್ತಾಳಂತೆ, ಸಿನಿಮಾ ಚೆನ್ನಾಗಿಲ್ಲ ಅಂತ ಎದ್ದು ಬಂದಂಗೆ!"

"ಮುಕ್ಕಾಲು ಕೂತಿರ್ತೀನಲ್ಲ ಅತ್ತಿಗೆ."

"ಮುಕ್ಕಾಲು ಸಾಲ್ದು ಅಂತ ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ? ಕೊನೇದೇ ಮುಖ್ಯ ಕಣೇ. ಅದನ್ನ ಬಿಟ್ರೆ ಹೇಗೆ?"

ಪದ್ಮ ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ತೆರೆಯದೆಯೇ ಕೇಳಿದರು: "ನೀವು ಕಾರಿಗೆ ಪೂರ್ತಿ ಕೊಡ್ತೀರಾ?"

ಟೀಚರ್ ಕಿಟಕಿಯತ್ತ ತಿರುಗಿದರು.  ಹೊರಗೆ ಕಿಟಕಿಯ ಸರಳಿನ ಮೇಲೆ ಕಿತ್ತ ಕೇಬಲ್ಲು ಸುರುಳಿ ಸುತ್ತಿಕೊಂಡು ತೂಗುತ್ತಿತ್ತು.

"ಕೊಡ್ತೀನಿ," ಎಂದರು ಆಮೇಲೆ. "ಇವತ್ತಿಂದ ಪೂರ್ತಿ ಕೊಡ್ತೀನಿ. ಹಸಿರು ದೀಪ ಬರೋವರೆಗೂ ಕೀಳಲ್ಲ. ನೀನೂ ಪೂರ್ತಿ ಕೂತ್ಕೋಬೇಕು. ಮಾತು?"

"ಬಿಸಿನೀರಿಗೇನ್ ಮಾಡ್ತೀರಿ?"

"ಸೀಮೆಎಣ್ಣೆ ಸ್ಟವ್ ಇದೆ. ಮಾತು ಕೊಡ್ತೀಯೋ ಇಲ್ವೋ?"

"ಆಯ್ತು ಬಿಡಿ. ಲೈನಲ್ಲಿರ್ತೀನಿ."

ಮಾತು ಕೊಡುವುದು ಸುಲಭ. ಆದರೆ ಆ ಬೇಸಿಗೆಯಲ್ಲಿ ಕರೆಂಟ್ ಇರುತ್ತಿದ್ದದ್ದೇ ಅಪರೂಪ. ಹೋದರೂ ಎಲ್ಲ ಮನೆಗೂ ಒಟ್ಟಿಗೆ ಹೋಗುತ್ತಿರಲಿಲ್ಲ. ಕಂಬದಿಂದ ಬರುವ ಮೂರು ಫೇಸುಗಳಲ್ಲಿ ಕೆಳಗಿನ ಮನೆ ಒಂದರಲ್ಲಿತ್ತು, ಮಹಡಿ ಇನ್ನೊಂದರಲ್ಲಿ. ಅವರ ಫೇಸು ಹೋದಾಗ ನಮ್ಮದು ಇರುತ್ತಿತ್ತು. ನಾನು ಎರಡನೆಯ ಕಾಲೇಜಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಚಪ್ಪಲಿ ಬಿಟ್ಟು, ಕಾಲು ತೊಳೆಯುವ ಮೊದಲೇ ಕೆಳಗಿನಿಂದ ದನಿ ಕೇಳುತ್ತಿತ್ತು: "ಸುಮಾ, ನಿಮ್ಮಲ್ಲಿದೆಯಾ?"

ಏನು ಎಂದು ಕೇಳುವ ಅಗತ್ಯವಿರಲಿಲ್ಲ. ನಾನು ಅಡುಗೆಮನೆ ಕಿಟಕಿಯಿಂದ ಹಗ್ಗ ಇಳಿಬಿಡುತ್ತಿದ್ದೆ. ಅವರು ಕೇಬಲ್ಲಿನ ತುದಿಯನ್ನು ಅದಕ್ಕೆ ಕಟ್ಟುತ್ತಿದ್ದರು. ಬಾವಿಯಿಂದ ಕೊಡ ಸೇದುವಂತೆ ಮೇಲೆಳೆದು ನಮ್ಮ ಪ್ಲಗ್ಗಿಗೆ ಚುಚ್ಚುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಮ್ಮ ಫೇಸು ಹೋಗಿ ಅವರದು ಬರುತ್ತಿತ್ತು. ಕೇಬಲ್ಲು ಕೆಳಗಿಳಿಯುತ್ತಿತ್ತು. ಒಂದೊಂದು ದಿನ ನನಗೆ ತುಂಬ ಸುಸ್ತಾಗಿರುತ್ತಿತ್ತು. ಟೀಚರ್ ಕೂಡ ದಣಿದಿರುತ್ತಿದ್ದರು. ಹಗ್ಗದ ಗಂಟನ್ನು ಅವರು ಎರಡೆರಡು ಸಲ ಬಿಚ್ಚಿ ಹಾಕುವುದು ಮೇಲಿನಿಂದ ಕಾಣುತ್ತಿತ್ತು. ನಮ್ಮಿಬ್ಬರ ನಡುವೆ ಆಗ ಹೆಚ್ಚು ಮಾತು ಇರುತ್ತಿರಲಿಲ್ಲ. ಅದು ನನಗೆ ಹಿಡಿಸಿತ್ತು.

ಪದ್ಮ ಮಾತ್ರ ಲೆಕ್ಕ ಕೇಳುತ್ತಿದ್ದರು. ಆಸ್ಪತ್ರೆಗೆ ಹೊರಡುವ ಮುನ್ನ ಕಾರಿನ ಒಳಗೆ ಬಗ್ಗಿ ನೋಡಿ, "ಹಸಿರು ಬಂದಿದೆ. ಹತ್ತಬಹುದು," ಎನ್ನುತ್ತಿದ್ದರು. ಅವರೂ ಪೂರ್ತಿ ಕೂರುತ್ತಿದ್ದರು. ಬಂದವರು ಗೋಡೆ ಹಿಡಿದು ಒಳಗೆ ಹೋಗುತ್ತಿದ್ದರು.

ಒಮ್ಮೆ ಕಾರು ನೋಡಲು ಬಂದ ಸರ್ವೀಸಿನವನು ಬ್ಯಾಟರಿಗಳನ್ನು ಪರೀಕ್ಷಿಸಿ, ಇವುಗಳಿಗೆ ಬಹಳ ಕಾಲ ಪೂರ್ತಿ ಚಾರ್ಜ್ ಆಗಿಲ್ಲ, ಒಳಗೆ ಉಪ್ಪಿನಂತೆ ಗಟ್ಟಿ ಕಟ್ಟಿಬಿಟ್ಟಿದೆ, ಈಗ ಪೂರ್ತಿ ಕೊಟ್ಟರೂ ಹಿಡಿದಿಟ್ಟುಕೊಳ್ಳುವುದಿಲ್ಲ ಎಂದ. ಮೊದಲು ಗಾಂಧಿಬಜಾರು ದಾಟುವವರೆಗೂ ಅಲ್ಲಾಡದ ಮುಳ್ಳು ಈಗ ಬೀದಿ ತುದಿಯಲ್ಲೇ ಇಳಿಯುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿ ಎಂದು ಅವನು ಹೇಳಿದ. ಮುಂದಿನ ತಿಂಗಳು ನೋಡೋಣ ಎಂದರು ಟೀಚರ್. ಈ ವಿಷಯ ಪದ್ದುವಿಗೆ ಹೇಳಬೇಡವೆಂದು ನನಗೆ ಸನ್ನೆ ಮಾಡಿದರು. ಪದ್ಮ ಕಿಟಕಿಯ ಆಚೆಗೇ ಕುಳಿತಿದ್ದರು. ಆಪರೇಟರ್ ಆಗಿದ್ದವರ ಕಿವಿ.

ಒಂದು ಶನಿವಾರ ನನಗೆ ಅರ್ಧ ದಿನವಿತ್ತು. ಪದ್ಮ ಅವರಿಗೆ ನಿಲ್ಲಲು ಆಗುತ್ತಿರಲಿಲ್ಲವಾದ್ದರಿಂದ, ವಾಪಸು ಕರೆತರಲು ಟೀಚರ್ ನನ್ನನ್ನೂ ಕರೆದಿದ್ದರು. ನಾನು ಹಿಂದಿನ ಸಣ್ಣ ಸೀಟಿನಲ್ಲಿ ಮಂಡಿ ಮಡಚಿ ಕುಳಿತಿದ್ದೆ. ಆಸ್ಪತ್ರೆಯಿಂದ ಹೊರಟು, ಮೇಲ್ಸೇತುವೆ ಏರಿ ಇಳಿಯುವಷ್ಟರಲ್ಲಿ ಮುಳ್ಳು ತಳ ಸೇರಿತು. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಕಾರು ನಿಧಾನವಾಗುತ್ತ, ಸದ್ದಿಲ್ಲದೆ ನಿಂತೇಹೋಯಿತು.

ಎದುರಿಗೆ ಒಂದು ಹಿಟ್ಟಿನ ಗಿರಣಿ ಇತ್ತು. ಟೀಚರ್ ಒಳಗೆ ಹೋಗಿ ಮಾತಾಡಿದರು. ಗಿರಣಿಯವನು, ಮೀಸೆ ಹುಬ್ಬುಗಳೆಲ್ಲ ಹಿಟ್ಟಾಗಿದ್ದ ಒಬ್ಬ ಹಿರಿಯ, ಹೊರಗೆ ಬಂದು ಕಾರನ್ನೂ ಕಾರಿನೊಳಗಿನ ಪದ್ಮ ಅವರನ್ನೂ ನೋಡಿದ. ಕಾರನ್ನು ಬಾಗಿಲವರೆಗೆ ನೂಕಲು ನನ್ನೊಂದಿಗೆ ಕೈ ಹಚ್ಚಿದ. ಟೀಚರ್ ಕಾರಿನಲ್ಲೇ ಇಟ್ಟುಕೊಂಡು ಬಂದಿದ್ದ ಕೇಬಲ್ಲಿನ ಪ್ಲಗ್ಗು ಚುಚ್ಚಿ ಆಯಿತು. ಪದ್ಮ ಅವರನ್ನು ಒಳಗೆ ಹಿಟ್ಟಿನ ಡಬ್ಬಿಗಳ ನಡುವಿನ ಬೆಂಚಿನ ಮೇಲೆ ಕೂರಿಸಿದೆವು. ರಾಗಿ ಬೀಸುತ್ತಿತ್ತು. ಬಿಸಿ ಹಿಟ್ಟಿನ ವಾಸನೆಗೆ ಅವರಿಗೆ ವಾಂತಿಯಾಗುತ್ತದೇನೋ ಎಂದು ನಾನು ಅಂಜಿದ್ದೆ. ಅವರು ಮೂಗರಳಿಸಿ, "ಮುದ್ದೆ ತಿಂದು ಎಷ್ಟು ದಿನ ಆಯ್ತು," ಎಂದರು.

"ಎಷ್ಟೊತ್ತಾಗುತ್ತಮ್ಮ ಇದು?" ಎಂದು ಗಿರಣಿಯವನು ಕೇಳಿದ. "ಸುಮ್ನೆ ಕೇಳ್ದೆ. ಅವಸರ ಏನಿಲ್ಲ."

ಟೀಚರ ಹೆಬ್ಬೆರಳು ಕಿರುಬೆರಳಿನ ಗೆಣ್ಣಿನ ಮೇಲೆ ಹೋಯಿತು. ಅಲ್ಲೇ ನಿಂತಿತು.

"ಗೊತ್ತಿಲ್ಲಪ್ಪ," ಎಂದರು.

ಕಲ್ಲು ತಿರುಗುತ್ತಿತ್ತು. ಜನ ಡಬ್ಬಿ ಇಟ್ಟು ಹೋಗುತ್ತಿದ್ದರು, ಬಂದು ಒಯ್ಯುತ್ತಿದ್ದರು. ಹಿಟ್ಟಿನ ಪುಡಿ ಹಾರಿ ಪದ್ಮ ಅವರ ಕೂದಲ ಮೇಲೆ, ರೆಪ್ಪೆಯ ಮೇಲೆ ಕೂರುತ್ತಿತ್ತು. ಟೀಚರ್ ಸೆರಗಿನಿಂದ ಒರೆಸುವುದು, ಹೊರಗೆ ಹೋಗಿ ಮುಳ್ಳು ನೋಡುವುದು, ಮತ್ತೆ ಬರುವುದು. ಮುಳ್ಳು ಕಾಲು ಭಾಗದವರೆಗೆ ಬಂದಿತ್ತು. ನಾಲ್ಕನೆಯ ಸಲವೋ ಐದನೆಯ ಸಲವೋ ಟೀಚರ್ ಎದ್ದಾಗ ಪದ್ಮ ಕೈ ಹಿಡಿದುಕೊಂಡರು.

"ಮನೆ ಮುಟ್ಟೋಷ್ಟಾಯ್ತಾ ಅತ್ತಿಗೆ?"

"ಮುಟ್ಟೋಷ್ಟಾಗಿದೆ. ಆದ್ರೆ ಹಸಿರು ಬರ್ಲಿ. ಮಾತು ಮಾತೇ."

"ಅದು ಇನ್ನು ಬರಲ್ಲ ಅಂತ ನಂಗೂ ಗೊತ್ತು, ನಿಮ್ಗೂ ಗೊತ್ತು." ಪದ್ಮ ಅವರ ದನಿ ಗಿರಣಿಯ ಸದ್ದಿನಲ್ಲಿ ಕಷ್ಟಪಟ್ಟು ಕೇಳುತ್ತಿತ್ತು. "ಮನೆ ಮುಟ್ಟೋಷ್ಟಾದ್ರೆ ಸಾಕು. ನನಗೂ ಸಾಕಾಗಿದೆ. ಎಕ್ಸ್‌ಟೆಂಡ್ ಮಾಡ್ಬೇಡಿ."

 ಟೀಚರ್ ಹೋಗಿ, ತಾವೇ ಪ್ಲಗ್ಗು ಕಿತ್ತರು. ಕೇಬಲ್ಲನ್ನು ಮೊಳಕೈ ಮತ್ತು ಹೆಬ್ಬೆರಳಿನ ನಡುವೆ ಸುತ್ತುತ್ತ ಸುತ್ತುತ್ತ ಬಹಳ ಹೊತ್ತು ತೆಗೆದುಕೊಂಡರು. ಗಿರಣಿಯವನು ಒಂದು ಕಾಗದದ ಪೊಟ್ಟಣದಲ್ಲಿ ಬಿಸಿ ರಾಗಿಹಿಟ್ಟು ತಂದು ಪದ್ಮ ಅವರ ಮಡಿಲಲ್ಲಿಟ್ಟ. ನಾವು ಮನೆ ಮುಟ್ಟಿದೆವು. ಗೇಟಿನ ಒಳಗೆ ಬಂದಾಗ ಮುಳ್ಳಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

ಅದಾದ ಮೇಲೆ ಪದ್ಮ ಬೇಡವೆಂದ ದಿನ ಟೀಚರ್ ಕಾರು ತೆಗೆಯಲಿಲ್ಲ. ಬೇಡವೆಂದ ದಿನಗಳು ಹೆಚ್ಚಾದವು. ಡಾಕ್ಟರು ಫೋನಿನಲ್ಲಿ ಕೂಗಾಡಿದರೆ "ಹೂಂ, ಹೂಂ" ಎಂದು ಕೇಳಿಸಿಕೊಂಡು ಇಡುತ್ತಿದ್ದರು. ಮಳೆಗಾಲ ಮುಗಿಯುವ ಮೊದಲು, ಒಂದು ಬೆಳಿಗ್ಗೆ, ಪದ್ಮ ತೀರಿಕೊಂಡರು. ಕೆಲವು ದಿನಗಳ ಮೇಲೆ ಟೀಚರ್ ನಮ್ಮ ಅಮ್ಮನ ಮುಂದೆ ಹೇಳಿದರು: "ನಾನು ಜೋರು ಮಾಡಿದ್ರೆ ಇನ್ನೂ ಸ್ವಲ್ಪ ಕಾಲ ಕೂತಿರೋಳು. ನನ್ನ ಮಾತು ಮೀರ್ತಿರ್ಲಿಲ್ಲ. ಯಾರಿಗೋಸ್ಕರ ಕೂತ್ಕೋಬೇಕು ಅತ್ತಿಗೆ ಅಂತ ಕೇಳಿದ್ರೆ ಮಾತ್ರ ನನ್ಹತ್ರ ಉತ್ತರ ಇರ್ಲಿಲ್ಲ."

ಮುಂದಿನ ವರ್ಷ ನನಗೆ ಮತ್ತಿಕೆರೆಯ ಕಡೆ ಕಾಯಂ ಕೆಲಸ ಸಿಕ್ಕಿತು. ನಾನು ಮತ್ತು ಅಮ್ಮ ಅಲ್ಲಿಗೆ ಮನೆ ಬದಲಾಯಿಸಿದೆವು. ಟೀಚರ್ ಈಗ ಇಲ್ಲ. ನಿದ್ದೆಯಲ್ಲೇ ಹೋದರಂತೆ, ನನಗೆ ತಿಳಿಯುವಾಗ ಕರ್ಮಗಳೆಲ್ಲ ಮುಗಿದಿದ್ದವು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಕೆಲವು ತಿಂಗಳು ಮೊದಲು, ಒಂದು ಭಾನುವಾರ ಮಧ್ಯಾಹ್ನ.

ಗೇಟು ತೆಗೆದಾಗ ಕಾರು ಅಲ್ಲೇ ಇತ್ತು. ಚಕ್ರಗಳ ಗಾಳಿ ಇಳಿದಿತ್ತು. ಗಾಜಿನ ಮೇಲೆ ಪಾರಿಜಾತದ ಹೂಗಳು ಬಿದ್ದು ಕಂದಾಗಿದ್ದವು. ಆದರೆ ಕೇಬಲ್ಲು ಕಿಟಕಿ ದಾಟಿ, ತುಳಸಿಕಟ್ಟೆ ಬಳಸಿ ಬಂದು, ಅದರ ಪಕ್ಕೆಗೆ ಚುಚ್ಚಿಕೊಂಡಿತ್ತು.

"ಎಲ್ಲಿಗಾದ್ರೂ ಹೊರಟಿದೀರಾ ಟೀಚರ್?"

"ಎಲ್ಲಿಗಮ್ಮ. ಹಳೇ ಬ್ಯಾಟರೀನೇ ಅದು. ತುಂಬ್ತಾನೇ ಇರುತ್ತೆ, ಏನೂ ನಿಲ್ಲಲ್ಲ."

"ಮತ್ಯಾಕೆ?"

"ಮಾತು ಕೊಟ್ಟಿದ್ನಲ್ಲ," ಎಂದರು. ಕಾಫಿ ಬೆರೆಸಲು ಒಳಗೆ ಹೋದರು.

ಅವರು ತೆಳ್ಳಗಾಗಿದ್ದರು. ನಾವು ಜಗಲಿಯ ಮೇಲೆ ಕುಳಿತು ಕಾಫಿ ಕುಡಿದೆವು. ಮಹಡಿಯಲ್ಲಿ ಬೇರೆ ಸಂಸಾರ ಬಂದಿತ್ತು. ಅವರ ಟಿವಿ ಕೇಳುತ್ತಿತ್ತು. ಹೊರಡುವಾಗ ಗೇಟಿನವರೆಗೆ ಬಂದರು.

"ಮತ್ತಿಕೆರೆಗೆ ಎಷ್ಟೊತ್ತಾಗುತ್ತೆ?"

"ಮೆಜೆಸ್ಟಿಕ್ಕಲ್ಲಿ ಬಸ್ ಬದಲಾಯಿಸ್ಬೇಕು ಟೀಚರ್. ನೀವೇ ಹೇಳಿ, ಸರಿಯಾಗಿ."

ಅವರು ನಕ್ಕರು. ಹೆಬ್ಬೆರಳು ಗೆಣ್ಣಿನ ಮೇಲೆ ಓಡಲಿಲ್ಲ. "ಮಲ್ಲೇಶ್ವರದವರೆಗೂ ಬೇಗ ಹೋಗ್ತೀಯ. ಆಮೇಲಿನ ಸ್ವಲ್ಪಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತೆ. ಸೇರಿದ್ಮೇಲೆ ಒಂದು ಫೋನ್ ಮಾಡು."

ಅವರು ಹೇಳಿದ ಹಾಗೆಯೇ ಆಯಿತು. ಮಲ್ಲೇಶ್ವರದವರೆಗೆ ಬಸ್ಸು ಸರಾಗವಾಗಿ ಬಂತು. ಆಮೇಲೆ ಒಂದೇ ಕಡೆ ನಿಂತುಬಿಟ್ಟಿತು. ಕೊನೆಗೆ ಇಳಿದು ನಡೆದೆ. ಮನೆ ಸೇರಿ, ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿಕೊಂಡರು.

"ಸೇರಿದೆ ಟೀಚರ್. ನಿಮ್ಮ ಲೆಕ್ಕ ಸರಿಯಾಗಿತ್ತು."

"ಹೌದಾ," ಎಂದರು.

ಹೇಳುವುದು ಇಬ್ಬರಿಗೂ ಅಷ್ಟೇ ಇತ್ತು. ಅವರು ಇಡಲಿಲ್ಲ, ನಾನೂ ಇಡಲಿಲ್ಲ. ಅವರ ಉಸಿರು ಕೇಳುತ್ತಿತ್ತು, ಹಿಂದೆ ಎಲ್ಲೋ ಗಡಿಯಾರ ಕೇಳುತ್ತಿತ್ತು. ಮೂರು ನಿಮಿಷ ಆಗಿಯೇ ಇರಬೇಕು. ನಡುವೆ ಬಂದು ಕೇಳುವವರು ಯಾರೂ ಇರಲಿಲ್ಲ.